ಕಾನ್ಸುಲ್ ಗೊಣಗಾಟ ಓದಿ ರೆಜಾ ಶಾ ಕಾಲದ ಊರುಗಳನ್ನ ಹಿಡಿದಿದ್ದು: ನನ್ನ ಅನುಭವ

ಫಾರ್ಸಿ ಬರ್ದೇ ಇರೋನು ಇರಾನಿನ ಊರುಗಳ ಬಗ್ಗೆ ಏನ್ ಬರೀತಾನೆ ಅಂತ ನಕ್ಕೋರೇ ಜಾಸ್ತಿ. ಬ್ರಿಟಿಷ್ ಕಾನ್ಸುಲ್‌ಗಳ, ಅಂದ್ರೆ ಇರಾನಿನ ಊರುಗಳಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಗಳ, ಡೈರಿ ಇಟ್ಕೊಂಡು 1925ರಿಂದ 1941ರವರೆಗೆ, ಅಂದ್ರೆ ಇರಾನಿನ ರಾಜ ರೆಜಾ ಶಾ ಪಟ್ಟದಲ್ಲಿದ್ದಷ್ಟೂ ಕಾಲ, ಮಶ್ಹದ್ ಕೆರ್ಮಾನ್ ಊರುಗಳ ಕಡೆ ಜನ ಹೆಂಗಿದ್ರು ಅಂತ ತೆಗೀತೀನಿ ಅಂದಾಗ ಒಬ್ಬ ಮೇಷ್ಟ್ರು "ಅಲ್ಲ ಕಣಯ್ಯಾ, ಕಾನ್ಸುಲ್ ಬ್ರಿಟಿಷ್ ದೊರೆ, ಅವನಿಗೆ ಕಾಣೋದು ರಷ್ಯಾ ಒಂದೇ, ಜನ ಎಲ್ಲಿ ಕಾಣ್ತಾರೆ" ಅಂದ್ರು. ಅರ್ಧ ನಿಜಾನೇ. ಮಶ್ಹದ್ ಫೈಲು ತೆಗೆದ್ರೆ ಸೋವಿಯತ್ ಸಕ್ಕರೆ, ಸೋವಿಯತ್ ಸೀಮೆಎಣ್ಣೆ, ಸೋವಿಯತ್ ಏಜೆಂಟು, ಅದೇ ಅದೇ. ಆದ್ರೂ ಕೆಲಸ ಆಯ್ತು. ಫಾರ್ಸಿ ಓದೋ ಸ್ನೇಹಿತರೊಬ್ರು ನಾನು ಡೈರಿಗಳಿಂದ ತೆಗೆದ ಪಟ್ಟೀನ ಆ ಕಾಲದ ಪತ್ರಿಕೆಗಳ ಜೊತೆ ತಾಳೆ ಹಾಕಿ ನೋಡಿ ಹತ್ತರಲ್ಲಿ ಏಳೆಂಟು ಹೊಂದತ್ತೆ ಅಂದ್ರು. ಹಂಗಾಗಿ ಈಗ ಧೈರ್ಯವಾಗಿ ಬರೀತಿದೀನಿ.

ಫೈಲು ಎಲ್ಲಿ ಸಿಗತ್ತೆ ಅಂತ ನಿಮಗೆ ಹೇಳ್ಬೇಕಿಲ್ಲ. ಕೊಲ್ಲಿ ದಡದ ಬುಷೆಹರ್‌ನಲ್ಲಿದ್ದ ಬ್ರಿಟಿಷ್ ಕಚೇರಿ, ಅಂದ್ರೆ ರೆಸಿಡೆನ್ಸಿದು ಆನ್‌ಲೈನ್ ಕತಾರ್ ಡಿಜಿಟಲ್ ಲೈಬ್ರರಿಲಿ ಫ್ರೀಯಾಗೇ ಇದೆ, ಮಶ್ಹದ್ ಕೆರ್ಮಾನ್ ಕಡೆಯ ಕಾನ್ಸುಲ್‌ಗಳು ಬಹುಪಾಲು ಆಗಿನ ಬ್ರಿಟಿಷ್ ಭಾರತ ಸರ್ಕಾರದ ಪೊಲಿಟಿಕಲ್ ಡಿಪಾರ್ಟ್‌ಮೆಂಟ್‌ನೋರೇ ಆಗಿದ್ರಿಂದ ಅವರ ಕಾಗದ ದಿಲ್ಲಿ ಜನಪಥದ ನ್ಯಾಷನಲ್ ಆರ್ಕೈವ್ಸ್‌ಗೆ ಬಂದಿದೆ, ಒಂದಷ್ಟು ಅವರ ವೆಬ್‌ಸೈಟ್ ಅಭಿಲೇಖ್ ಪಟಲ್‌ನಲ್ಲಿ ಮನೇಲೇ ಕೂತು ನೋಡ್ಬೋದು, ಮಿಕ್ಕಿದ್ದಕ್ಕೆ ದಿಲ್ಲಿ ಟ್ರೈನ್ ಹತ್ಲೇಬೇಕು.

ಮೊದ್ಲು ಎಲ್ಲರ ಥರ ತಾರೀಕಿನ ಪ್ರಕಾರ ಓದ್ದೆ. ವೇಸ್ಟು. ಗವರ್ನರ್ ಲಂಚಕೋರ, ಜನ ಬೇಸತ್ತಿದ್ದಾರೆ, ರಸ್ತೆ ಸುಧಾರಿಸಿದೆ, ತೆರಿಗೆ ಜಾಸ್ತಿ. ಹತ್ತು ವರ್ಷದ ಡೈರಿ ಓದಿದ್ರೂ ಒಂದೇ ಪುಟ ಓದಿದಂಗಿತ್ತು. ಆಮೇಲೆ ಅಭಿಪ್ರಾಯ ಬೇಡ, ಬರೀ ಅಂಕಿ ತೆಗೆಯೋಣ ಅಂತ ಗೋಧಿ, ಸಕ್ಕರೆ ರೇಟಿನ ಪಟ್ಟಿಗೆ ಕೂತೆ. ಕಾರ್ಬನ್ ಕಾಪಿ ಹಾಳೆಗೆ ಓಸಿಆರ್ (ಚಿತ್ರದಿಂದ ಅಕ್ಷರ ಓದೋ ಸಾಫ್ಟ್‌ವೇರ್) ಕೈಕೊಡ್ತು ಅಂತ ಒಂದು ಟೈಪಿಂಗ್ ಅಂಗಡಿಗೆ ಕೊಟ್ಟೆ, ಸುಮಾರು ಹದಿನೆಂಟು ಸಾವಿರ ಇಸ್ಕೊಂಡ್ರು, ಅಕ್ಷರ ಎಲ್ಲಾ ನೀಟಾಗಿ ಹೊಡೆದು ಕಾಣದೇ ಇರೋ ಅಂಕಿ ಇದ್ದ ಕಡೆಯೆಲ್ಲಾ ಖಾಲಿ ಬಿಟ್ಟು ಕಳಿಸಿದ್ರು. ನನಗೆ ಬೇಕಿದ್ದಿದ್ದೇ ಅಂಕಿ! ದುಡ್ಡು ವಾಪಸ್ ಕೇಳಿದ್ರೆ ಫೋನೇ ಎತ್ಲಿಲ್ಲ. ಕೊನೆಗೆ ನಾನೇ ಲೆನ್ಸ್ ಹಿಡ್ಕೊಂಡು ಕೂತು ಮಾಡಿದ ಪಟ್ಟೀಲಿ ಒಂದೇ ವರ್ಷದಲ್ಲಿ ಒಂದು ಊರಿನ ಗೋಧಿ ರೇಟು ಇನ್ನೊಂದು ಊರಿನ ಎರಡರಷ್ಟು ಕಾಣೋದು, ಬರ ಬಂದಿತ್ತೇನೋ ಅಂತ ಬರ ಹುಡುಕ್ಕೊಂಡು ಕೂತಿದ್ದೇ ಬಂತು. ಬರ ಇಲ್ಲ, ಎಂಥದೂ ಇಲ್ಲ. ತಬ್ರೀಜ್ ಮಣ ಅಂದ್ರೆ ಹತ್ರಹತ್ರ ಮೂರು ಕಿಲೋ, ಶಾಹಿ ಮಣ ಆರು ಕಿಲೋ, ಕಾನ್ಸುಲ್ ಇಂಥಾ ಮಣ ಅಂತ ಬರೀದೇ ಬರೀ ಮಣ ಅಂತ ಹಾಕಿ ಮುಂದೆ ಹೋಗ್ತಾನೆ. ಅದರ ಮೇಲೆ 1930ರ ಕಾನೂನು ಕ್ರಾನ್ ಅನ್ನೋ ಹಳೇ ಬೆಳ್ಳಿ ನಾಣ್ಯ ತೆಗೆದು ರಿಯಾಲ್ ತಂತು, ಅದೇ ಟೈಮಿಗೆ ಬೆಳ್ಳಿ ರೇಟು ಬೇರೆ ಬಿದ್ದಿತ್ತು. ಅದಕ್ಕೆ ನಾನೊಂದು ರೂಲ್ ಮಾಡ್ಕೊಂಡೆ: ಖರ್ವಾರ್ ಲೆಕ್ಕದಲ್ಲಿ, ಅಂದ್ರೆ ನೂರು ತಬ್ರೀಜ್ ಮಣ, ಸುಮಾರು 300 ಕಿಲೋ, ಕೊಟ್ಟಿರೋ ರೇಟು ಮಾತ್ರ ತಗೊಳ್ಳೋದು, ಬರೀ ಮಣ ಅಂದಿದ್ದನ್ನೆಲ್ಲಾ ಬಿಟ್ಟಾಕೋದು. ಅರ್ಧಕ್ಕರ್ಧ ಡೇಟಾ ಹೋಯ್ತು, ಹೋಗ್ಲಿ.

ಕೈ ಹಿಡಿದಿದ್ದು ಮೂರನೇ ದಾರಿ. ಪ್ರತಿ ಪ್ಯಾರಾನೂ ಮೂರು ಡಬ್ಬಿಗೆ ಹಾಕೋದು: ತಾನೇ ಕಂಡಿದ್ದು, ಯಾರೋ ಬಂದು ಹೇಳಿದ್ದು, ಗವರ್ನರ್ ಕಡೆಯಿಂದ ಬಂದಿದ್ದನ್ನ ಹಂಗೇ ಇಳಿಸಿದ್ದು. ಇದಲ್ಲದೆ ಒಂದು ಸ್ಪೆಷಲ್ ಡಬ್ಬಿ, ಅವನ ಸ್ವಂತ ಗೊಣಗಾಟಕ್ಕೆ. ಓಡಾಡೋಕೆ ಪೊಲೀಸರ ಜವಾಜ್ (ಪರವಾನಗಿ) ಬೇಕು, ಅದು ಟೈಮಿಗೆ ಸಿಗಲ್ಲ, ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ತಡ, ಕಾನ್ಸುಲೇಟ್ ಮುಂದಿನ ಬೀದಿ ಅಗೆದು ಹಾಕಿದ್ದಾರೆ, ಮೊದ್ಲಿನ ಹಂಗೆ ಯಾರೂ ಮನೆಗೆ ಬರಲ್ಲ. ನಮ್ಮೋರು ಇದನ್ನೆಲ್ಲಾ ಹಾರಿಸ್ಕೊಂಡು ರಾಜಕೀಯಕ್ಕೆ ಹೋಗ್ತಾರೆ. ನಾನು ಉಲ್ಟಾ ಮಾಡ್ದೆ. ದೇಶದ ಬಗ್ಗೆ ಬರೆಯುವಾಗ ಲಂಡನ್ನಿಗೆ, ದಿಲ್ಲಿಗೆ ಇಷ್ಟ ಆಗೋ ಹಂಗೆ ಬರೀತಾನೆ, ತನ್ನ ತಾಪತ್ರಯ ಬರೆಯುವಾಗ ಅಷ್ಟು ಯೋಚನೆ ಮಾಡಲ್ಲ. ಜವಾಜ್ ಸಿಗದೇ ಇದ್ರೆ ಕಾನ್ಸುಲ್‌ಗೇ ಇಷ್ಟು ಕಷ್ಟ, ಒಬ್ಬ ಕತ್ತೆ ಬಾಡಿಗೆಯವನಿಗೆ ಎಷ್ಟಿರ್ಬೇಕು!

ಒಂದೇ ವಿಷಯ ತಗೊಳ್ಳಿ, ಹೆಂಗಸರ ಮುಸುಕು ತೆಗೆಸಿದ್ದು. 1936ರ ಜನವರಿ 8ಕ್ಕೆ ಟೆಹ್ರಾನ್‌ನಲ್ಲಿ ರಾಣಿ, ರಾಜಕುಮಾರಿಯರು ಮುಸುಕಿಲ್ಲದೆ ಸಮಾರಂಭಕ್ಕೆ ಬಂದ್ರು, ಆಮೇಲೆ ಊರೂರಲ್ಲಿ ಆಫೀಸರ್‌ಗಳು ಹೆಂಡತೀನ ಕರ್ಕೊಂಡು ಟೀ ಪಾರ್ಟಿಗೆ ಬರ್ಲೇಬೇಕು ಅಂತಾಯ್ತು. ಸರ್ಕಾರದ ಡಬ್ಬೀಲಿ ಎಲ್ರಿಗೂ ಸಂತೋಷ. ಕಂಡಿದ್ದರ ಡಬ್ಬೀಲಿ ಗೋಡೆಗೆ ಒತ್ಕೊಂಡು ಕೂತ ಹೆಂಗಸರು, ಕೈಯಲ್ಲಿ ಟೀ ಹಿಡ್ಕೊಂಡು ಎಲ್ಲಿ ನೋಡ್ಬೇಕು ಅಂತ ಗೊತ್ತಾಗದ ಗಂಡಸರು. ಕೇಳಿದ್ದರ ಡಬ್ಬೀಲಿ, ಪೊಲೀಸ್ ಮೈ ಮುಚ್ಚೋ ಚಾದರ ಕಿತ್ಕೊಳ್ತಾರೆ ಅಂತ ಹೊರಗೆ ಬರೋದನ್ನೇ ನಿಲ್ಲಿಸಿದ ಹೆಂಗಸರು, ಸ್ನಾನದ ಹಮ್ಮಾಮಿಗೂ ಕತ್ತಲಾದ ಮೇಲೆ ಮಾಳಿಗೆ ಮಾಳಿಗೆ ದಾಟ್ಕೊಂಡು ಹೋಗೋದು. ಆ ಸುದ್ದಿ ಯಾರ ಮನೆಯಿಂದ ಬಂತು? ಕಾನ್ಸುಲ್ ಹೆಸರು ಹಾಕಲ್ಲ. ಹೆಸರಿಲ್ಲದೇನೇ ಸುದ್ದಿ ತಂದಿದ್ದು ಮುನ್ಶಿನೋ, ಭಾರತದ ವ್ಯಾಪಾರೀನೋ ಅಂತ ಕಂಡುಹಿಡಿಯೋಕೆ ನನ್ನ ಹತ್ರ ಒಂದು ಉಪಾಯ ಇದೆ, ಪುಸ್ತಕ ಬರೋವರೆಗೂ ಹೇಳಲ್ಲ, ಬೈಕೋಬೇಡಿ.

ಅದರ ಹಿಂದಿನ ವರ್ಷ, 1935ರ ಜುಲೈ, ಮಶ್ಹದ್‌ನ ಗೋಹರ್‌ಶಾದ್ ಮಸೀದೀಲಿ ಗುಂಡು ಹಾರಿತು. ಅಂಚಿರೋ ಯುರೋಪಿಯನ್ ಹ್ಯಾಟ್ ಕಡ್ಡಾಯ ಮಾಡಿದ್ದು ದೊಡ್ಡ ಕಾರಣ, ಅದನ್ನ ಹಾಕ್ಕೊಂಡು ನಮಾಜಲ್ಲಿ ಹಣೆ ನೆಲಕ್ಕೆ ಮುಟ್ಸೋಕಾಗಲ್ಲ. ಸತ್ತೋರ ಲೆಕ್ಕ ಒಂದು ವರದೀಗೂ ಇನ್ನೊಂದಕ್ಕೂ ತಾಳೆ ಇಲ್ಲ, ಅದರ ಹಿಂದೆ ಬಿದ್ದು ಟೈಮ್ ಹಾಳು ಮಾಡ್ಕೋಬೇಡಿ. ಯಾರಿಗೆ ಏಟು ಬಿತ್ತು ಅಂತ ನೋಡಿ. ಮಸೀದಿ ಪಕ್ಕದ ಇಮಾಮ್ ರೆಜಾ ದರ್ಗಾದ ಆಡಳಿತ ನೋಡ್ತಿದ್ದ ಅಸದಿ ಸರ್ಕಾರದ ಮನುಷ್ಯನೇ, ಅವನನ್ನೇ ಡಿಸೆಂಬರ್‌ನಲ್ಲಿ ಗುಂಡಿಕ್ಕಿದ್ರು, ಅವನ ಬೀಗರಾಗಿದ್ದ ಪ್ರಧಾನಿ ಫರೂಘಿ ಕುರ್ಚೀನೂ ಹೋಯ್ತು. ಇಷ್ಟಾದ್ಮೇಲೆ ಯಾವ ಆಫೀಸರ್ ಕಾನ್ಸುಲ್ ಜೊತೆ ಬಾಯಿ ಬಿಡ್ತಾನೆ? ಡೈರೀಲಿ "ಊರು ಶಾಂತವಾಗಿದೆ" ಅಂತ ಬಂದಾಗೆಲ್ಲಾ ನಾನು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕೋದು ಅದಕ್ಕೇ.

ಸಕ್ಕರೆ ವಿಷಯ ನನಗೆ ಬಲು ಇಷ್ಟ. 1925ರಲ್ಲಿ ಸಕ್ಕರೆ, ಚಹಾ ಮೇಲೆ ತೆರಿಗೆ ಹಾಕಿ ಆ ದುಡ್ಡಲ್ಲೇ ರೈಲು ಕಟ್ಟಿದ್ರು, 1927ರಿಂದ 1938, ಕ್ಯಾಸ್ಪಿಯನ್ ದಡದಿಂದ ಕೊಲ್ಲಿವರೆಗೆ ಸುಮಾರು 1,400 ಕಿಲೋಮೀಟರ್, ವಿದೇಶಿ ಸಾಲ ಇಲ್ದೆ. ಭೇಷ್ ಅನ್ನೋಣ. ಆದ್ರೆ ಆ ಲೈನು ಮಶ್ಹದ್‌ಗೂ ಹೋಗ್ಲಿಲ್ಲ, ಕೆರ್ಮಾನ್‌ಗೂ ಇಲ್ಲ, ಶಿರಾಜ್, ಇಸ್ಫಹಾನ್, ತಬ್ರೀಜ್‌ಗೂ ಇಲ್ಲ. ಸಕ್ಕರೆ ಉಂಡೆ ಹಲ್ಲಲ್ಲಿ ಕಚ್ಕೊಂಡು ಚಹಾ ಕುಡಿಯೋ ಕೆರ್ಮಾನ್ ರತ್ನಗಂಬಳಿ ನೇಕಾರ ಪ್ರತಿ ಲೋಟಕ್ಕೂ ತಾನು ಕಾಣದ ರೈಲಿಗೆ ದುಡ್ಡು ಕಟ್ತಿದ್ದ. ಸಕ್ಕರೆ ರೇಟಿನ ಕಾಲಂ ಪಕ್ಕ ರೈಲು ಕಾಮಗಾರಿ ಕಾಲಂ ಇಡಿ, ಚಾರ್ಟೇ ಮಾತಾಡತ್ತೆ.

ಮಧ್ಯೆ ಒಂದು ಸೈಡ್ ಪ್ರಯೋಗ. ನಮ್ಮ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಿದ್ದು 1926ರಿಂದ 41, ಹೆಚ್ಚುಕಮ್ಮಿ ರೆಜಾ ಶಾ ಇದ್ದಷ್ಟೇ ಕಾಲ, ಅವರ ತಾತ ಅಲಿ ಅಸ್ಕರ್ ಶಿರಾಜ್‌ನಿಂದ ಬೆಂಗಳೂರಿಗೆ ಕುದುರೆ ಮಾರೋಕೆ ಬಂದೋರು, ಅಲಿ ಅಸ್ಕರ್ ರೋಡ್ ಗೊತ್ತಲ್ಲ. ಹಂಗಾಗಿ ಮೈಸೂರಿಗೆ ಬ್ರಿಟಿಷ್ ಪ್ರತಿನಿಧಿಯಾಗಿದ್ದ ರೆಸಿಡೆಂಟ್‌ನ ಪಾಕ್ಷಿಕ ವರದಿಗಳನ್ನೂ ಇದೇ ಡಬ್ಬಿಗಳಿಗೆ ಹಾಕಿ ನೋಡ್ದೆ. ತೋಪು. ನಾನು ನೋಡಿದಷ್ಟರಲ್ಲಿ ಗೊಣಗಾಟದ ಡಬ್ಬಿ ಖಾಲಿ. ಬೆಂಗಳೂರಲ್ಲಿ ಹಾಯಾಗಿ ಇದ್ದ ಮನುಷ್ಯ ಯಾಕೆ ಗೊಣಗ್ತಾನೆ? ಕಷ್ಟದ ಪೋಸ್ಟಿಂಗ್ ಇದ್ರೆ ಮಾತ್ರ ಈ ವಿಧಾನ ಕೆಲಸ ಮಾಡೋದು.

ಇನ್ನೊಂದು, ಕಾನ್ಸುಲ್ ಟೂರ್ ಹೋದ ಜಾಗ ಎಲ್ಲಾ ಮ್ಯಾಪಲ್ಲಿ ಗುರುತು ಮಾಡಿ, ತಿಂಗಳ ಸಮೇತ. ಹಿಮ ಬಿದ್ದಾಗ ಅವನು ಹೊರಡಲ್ಲ, ಹಳ್ಳಿ ಸುದ್ದಿ ಇಲ್ಲ, ಓದೋನು ಚಳಿಗಾಲದಲ್ಲಿ ಗಲಾಟೆನೇ ಇರ್ಲಿಲ್ಲ ಅಂದ್ಕೊಳ್ತಾನೆ. ನನ್ನನ್ನ ನಕ್ಕ ಮೇಷ್ಟ್ರ ಲೇಖನದಲ್ಲೇ ಈ ತಪ್ಪಿದೆ, ತೋರಿಸ್ದೆ, ಅವರು ಕಾಫಿ ತರಿಸಿದ್ರು.

ಖರ್ಚು ಕೇಳ್ತೀರ ಅಂತ ಗೊತ್ತು. ದಿಲ್ಲಿ ಓಡಾಟ, ರೂಮು, ಕಾಪಿ, ಆ ಟೈಪಿಂಗ್ ದಂಡ ಎಲ್ಲಾ ಸೇರಿ ಒಂದೂಕಾಲು ಲಕ್ಷದ ಆಸುಪಾಸು. ಮೊದಲ ಲೇಖನಕ್ಕೆ ಬಂದ ಸಂಭಾವನೆ ಎರಡೂವರೆ ಸಾವಿರ. ಕೆರ್ಮಾನ್ ಫೈಲು ಇನ್ನೂ ಅರ್ಧ ಬಾಕಿ ಇದೆ, ದಸರಾ ರಜೇಲಿ ಯಾರಾದ್ರೂ ದಿಲ್ಲಿಗೆ ಹೋಗೋರಿದ್ರೆ ಹೇಳಿ, ರೂಮ್ ಶೇರ್ ಮಾಡ್ಕೊಳ್ಳೋಣ.