ಕಾರ್ನ್ ಸ್ನೇಕ್ ಮೊಟ್ಟೆ ಜೊಳ್ಳೇ? ಎಸೆಯುವ ಮುನ್ನ ನೋಡಿ

ಅಮೆರಿಕದ ಆಗ್ನೇಯ ರಾಜ್ಯಗಳ ಮೂಲದ, ಮನೆಗಳಲ್ಲೂ ಸಾಕುವ ಹಾವಾದ ಕಾರ್ನ್ ಸ್ನೇಕ್ ಸಾಮಾನ್ಯವಾಗಿ ಒಂದು ಸಲಕ್ಕೆ 10ರಿಂದ 20 ಮೊಟ್ಟೆ ಇಡುತ್ತದೆ. ಒಂದೆರಡು ಜೊಳ್ಳಾಗುವುದು, ಅಂದರೆ ಫಲಿಸದೆ ಉಳಿಯುವುದು, ಮಾಮೂಲು. ಸಾಕುವವರು ಇವಕ್ಕೆ ‘ಸ್ಲಗ್’ ಎನ್ನುತ್ತಾರೆ. ಅವು ಪಕ್ಕದಲ್ಲಿದ್ದರೆ ಉಳಿದ ಮೊಟ್ಟೆಗಳಿಗೆ ಅಷ್ಟೇನೂ ಅಪಾಯವಿಲ್ಲ. ಅವನ್ನು ಕಿತ್ತು ತೆಗೆಯುವ ಅವಸರವೇ ಅಪಾಯ.

ಗೂಡಿನ ಡಬ್ಬಿಯಿಂದ ಮೊಟ್ಟೆ ಎತ್ತುವ ಮುನ್ನ ಪ್ರತಿಯೊಂದರ ಮೇಲ್ಭಾಗಕ್ಕೂ ಪೆನ್ಸಿಲ್‌ನಿಂದ ಹಗುರವಾಗಿ ಗುರುತು ಹಾಕಿ. ಕಾವು ಪೂರ್ತಿ ಮುಗಿಯುವವರೆಗೆ ಆ ಗುರುತು ಮೇಲಕ್ಕೇ ಇರಬೇಕು. ಕೋಳಿಮೊಟ್ಟೆಯ ಹಾಗೆ ಹಾವಿನ ಮೊಟ್ಟೆಯನ್ನು ಹೊರಳಿಸುವಂತಿಲ್ಲ; ಭ್ರೂಣ ಬೇಗನೆ ಒಳಗೋಡೆಗೆ ಅಂಟಿಕೊಳ್ಳುವುದರಿಂದ, ಮಗುಚಿದರೆ ಸಾಯಬಹುದು. ಮೊಟ್ಟೆಗಳು ಒಂದಕ್ಕೊಂದು ಅಂಟುವುದಕ್ಕೆ ಕೆಲವೇ ಗಂಟೆ ಸಾಕು. ಅಂಟಿದ ಮೇಲೆ ಬಿಡಿಸಬೇಡಿ, ಗೊಂಚಲನ್ನೇ ಎತ್ತಿಡಿ.

ಮೊಟ್ಟೆಗಳನ್ನು ಇಡುವುದು ತೇವ ಹಿಡಿದಿಡುವ ಹಗುರ ಖನಿಜವಾದ ವರ್ಮಿಕ್ಯುಲೈಟ್ ತುಂಬಿದ ಡಬ್ಬಿಯಲ್ಲಿ. ಅದಕ್ಕೆ ಅದರಷ್ಟೇ ತೂಕದ ನೀರು ಬೆರೆಸಿ: 200 ಗ್ರಾಂಗೆ 200 ಗ್ರಾಂ. ಹಿಡಿಯಲ್ಲಿ ಹಿಂಡಿದರೆ ಹನಿ ತೊಟ್ಟಿಕ್ಕಬಾರದು. ಇನ್‌ಕ್ಯುಬೇಟರ್‌ನಲ್ಲಿ (ಕಾವುಪೆಟ್ಟಿಗೆ) 27–28 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಂಡರೆ ಸುಮಾರು 55ರಿಂದ 65 ದಿನದಲ್ಲಿ ಮರಿ.

ಇನ್ನು ಗುರುತಿಸುವುದು. ಫಲಿತ ಮೊಟ್ಟೆ ಬೆಳ್ಳಗೆ, ಉದ್ದಕ್ಕೆ, ತೊಗಲಿನಂತಿದ್ದು ಬಿಗಿಯಾಗಿರುತ್ತದೆ. ಜೊಳ್ಳು ಸಾಮಾನ್ಯವಾಗಿ ಚಿಕ್ಕದು, ಹಳದಿ, ಮೇಣ ಸವರಿದಂತೆ ಗಟ್ಟಿ. ಬಣ್ಣವನ್ನಷ್ಟೇ ನಂಬಬೇಡಿ: ಚಿಪ್ಪು ತೆಳುವಾದಲ್ಲಿ ಒಳ್ಳೆಯ ಮೊಟ್ಟೆಯಲ್ಲೂ ಹಳದಿ ಮಚ್ಚೆ ಕಾಣುತ್ತದೆ, ಬೆಳ್ಳಗಿರುವ ಜೊಳ್ಳೂ ಉಂಟು. ಐದರಿಂದ ಏಳನೇ ದಿನದ ಹೊತ್ತಿಗೆ ಕತ್ತಲ ಕೋಣೆಯಲ್ಲಿ, ಮೊಟ್ಟೆಯನ್ನು ಎತ್ತದೆ, ಸಣ್ಣ ಎಲ್‌ಇಡಿ ಟಾರ್ಚನ್ನು ಪಕ್ಕಕ್ಕೆ ತಾಗಿಸಿ ಹಿಡಿಯಿರಿ. ನಸುಗೆಂಪು ಬೆಳಕಿನಲ್ಲಿ ಕೆಂಪು ರಕ್ತನಾಳಗಳ ಬಲೆ ಕಂಡರೆ ಜೀವ ಇದೆ. ಬರೀ ಹಳದಿಯಾಗಿ ಬೆಳಗಿದರೆ ಅನುಮಾನಿಸಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಕೊಳೆತ ವಾಸನೆ ಬಂದು ಕುಸಿದರೆ ಮಾತ್ರ ತೀರ್ಮಾನ.

ಎಲ್ಲ ಮೊಟ್ಟೆಗಳೂ ಒಟ್ಟಿಗೆ ತಗ್ಗು ಬಿದ್ದರೆ ಅದು ಜೊಳ್ಳಲ್ಲ, ತೇವದ ಕೊರತೆ. ಮೊಟ್ಟೆಯ ಮೇಲೆ ಬೀಳದಂತೆ ಡಬ್ಬಿಯ ಅಂಚಿಗೆ ಸ್ವಲ್ಪ ಬೆಚ್ಚನೆ ನೀರು ಹನಿಸಿ. ಕೊನೆಯ ಒಂದೆರಡು ವಾರದಲ್ಲಿ ತಗ್ಗು ಬೀಳುವುದು ಸಹಜ.

ಬಿಡಿಯಾಗಿರುವ ಜೊಳ್ಳನ್ನು ತೆಗೆದುಬಿಡಿ. ಗೊಂಚಲಿಗೆ ಅಂಟಿದ್ದರೆ ಇರಲಿ. ಆರೋಗ್ಯವಾದ ಮೊಟ್ಟೆ ಪಕ್ಕದ ಬೂಸ್ಟನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಬೂಸ್ಟನ್ನು ಒಣ ಹತ್ತಿಯಿಂದ ಒರೆಸಿ. ರಸ ಸೋರತೊಡಗಿದರೆ ಸಣ್ಣ ಕತ್ತರಿಯಿಂದ ಜೊಳ್ಳಿನ ಮೇಲ್ಭಾಗ ಸೀಳಿ, ಒಳಗಿನದನ್ನು ಟಿಶ್ಯೂ ಕಾಗದದಿಂದ ಹೀರಿ ತೆಗೆಯಿರಿ. ಅಂಟಿದ ಚಿಪ್ಪು ಹಾಗೇ ಇರಲಿ. ಈ ಕೆಲಸ ತಡಮಾಡಬೇಡಿ, ಕೊಳೆತಕ್ಕೆ ಸಣ್ಣ ನೊಣಗಳು ಮುತ್ತುತ್ತವೆ, ಅವುಗಳ ಹುಳು ಪಕ್ಕದ ಮೊಟ್ಟೆಗೂ ಇಳಿಯಬಹುದು. ಡಬ್ಬಿಯ ಗಾಳಿರಂಧ್ರಗಳಿಗೆ ತೆಳುಬಟ್ಟೆ ಅಂಟಿಸಿ.

ಹೆಣ್ಣನ್ನು ಮರೆಯಬಾರದು. ಮೊಟ್ಟೆಯಿಟ್ಟು ಒಂದೆರಡು ದಿನವಾದರೂ ಹೊಟ್ಟೆಯ ಹಿಂಭಾಗದಲ್ಲಿ ಗಂಟು ಉಳಿದಿದ್ದರೆ ಒಳಗೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಒತ್ತಿ ಹೊರತೆಗೆಯಲು ಹೋದರೆ ಅಂಡನಾಳ ಹರಿದೀತು. ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೇ ತೋರಿಸಿ.

ಪೂರ್ತಿ ಗೊಂಚಲೇ ಜೊಳ್ಳಾದರೆ ಕಾರಣ ಬೇರೆ: ಗಂಡು ಕೂಡಿಲ್ಲ, ಇಲ್ಲವೇ ಕೂಡಿದ ಸಮಯ ತಪ್ಪಿದೆ, ಚಳಿಗಾಲದ ತಂಪು ಸಿಕ್ಕಿಲ್ಲ, ಹೆಣ್ಣು ಎಳೆಯದು. ಹೆಣ್ಣನ್ನು ಗಂಡಿನ ಜೊತೆ ಬಿಡಲು 3 ವರ್ಷ, 300 ಗ್ರಾಂ, 3 ಅಡಿ ಉದ್ದ ಎಂಬುದು ಸಾಕುವವರ ಹಳೆಯ ಕನಿಷ್ಠ ಲೆಕ್ಕ. ಗಂಡಿನ ಜೊತೆ ಬಿಟ್ಟಿಲ್ಲವೆಂದ ಮಾತ್ರಕ್ಕೆ ಎಸೆಯಲೂಬೇಡಿ. ಹಿಂದಿನ ಕೂಡುವಿಕೆಯ ವೀರ್ಯವನ್ನು ಹೆಣ್ಣು ಒಳಗೇ ಉಳಿಸಿಕೊಂಡಿರಬಹುದು. ಅದೇ ವರ್ಷ ಎರಡನೇ ಸಲ ಇಟ್ಟ ಮೊಟ್ಟೆಗಳಲ್ಲಂತೂ ಜೊಳ್ಳು ಹೆಚ್ಚಾಗಿಯೇ ಇರುತ್ತದೆ.