ನಿಲ್ಲದ ಸ್ವರ

ಬೆರಳು ತೆಗೆದರೂ ಸ್ವರ ನಿಲ್ಲುತ್ತಿರಲಿಲ್ಲ. ಕೀ ಮೇಲೆ ಬಂದಿದೆ, ಕೊಳವೆ ಮಾತ್ರ ಊದುತ್ತಲೇ ಇದೆ. ಇದು ಆರ್ಗನ್, ಕೊಳವೆಗಳಿಗೆ ಗಾಳಿ ಬಿಟ್ಟು ನುಡಿಸುವ ವಾದ್ಯ. ಅದನ್ನು ರಿಪೇರಿ ಮಾಡುವ ನಾವು ಹೀಗೆ ಸ್ವರ ನಿಲ್ಲದಿರುವುದಕ್ಕೆ ಸೈಫರ್ ಅಂತೀವಿ. ಪುಟ್ಟ ಊರಿನ ಆ ಚರ್ಚಿಗೆ ನನ್ನನ್ನು ಕರೆಸಿದ್ದು ಇದೇ ದೂರಿಗೆ. ಆರ್ಗನ್ ಹಳೆಯದು. ಕೀಯಿಂದ ಗಾಳಿಪೆಟ್ಟಿಗೆವರೆಗೂ ಎಲ್ಲ ತೆಳ್ಳನೆ ಮರದ ಪಟ್ಟಿಗಳ ಜೋಡಣೆ. ವಿದ್ಯುತ್ ಬೇಕಾದದ್ದು ಗಾಳಿ ತುಂಬುವ ಬ್ಲೋವರ್‌ಗೆ ಮಾತ್ರ.

ಯಾವ ಸ್ಟಾಪ್, ಅಂದರೆ ಒಂದು ಬಗೆಯ ಕೊಳವೆಗಳ ಸಾಲನ್ನು ತೆರೆಯುವ ಗುಬ್ಬಿ, ಎಳೆದರೂ ಅದೇ ಸ್ವರ ಕೂಗುತ್ತಿತ್ತು. ಅಂದರೆ ತಪ್ಪು ಕೊಳವೆಯದ್ದಲ್ಲ. ಇಂಥ ಆರ್ಗನ್‌ನಲ್ಲಿ ಒಂದು ಕೀಗೆ ಒಂದು ಪ್ಯಾಲೆಟ್, ಅಂದರೆ ತೊಗಲು ಅಂಟಿಸಿದ ಪುಟ್ಟ ಮರದ ಬಾಗಿಲು. ಆ ಸ್ವರದ ಕೊಳವೆಗಳಿಗೆಲ್ಲ ಗಾಳಿ ಬಿಡುವುದು ಅದೇ. ಮೊದಲು ಪಟ್ಟಿಯ ತುದಿಯ ತೊಗಲಿನ ನಟ್ಟನ್ನು ಸ್ವಲ್ಪ ಸಡಿಲ ಮಾಡಿದೆ. ಹವೆ ಬದಲಾದಾಗ ಪಟ್ಟಿ ಬಿಗಿದುಕೊಂಡು ಬಾಗಿಲು ಪೂರ್ತಿ ಮುಚ್ಚದೇ ಇರಬಹುದು. ಇಲ್ಲ, ಕೂಗು ನಿಲ್ಲಲಿಲ್ಲ.

ಬ್ಲೋವರ್ ಆರಿಸಿ ಪೆಟ್ಟಿಗೆಯ ಮುಂದಿನ ಹಲಗೆ ಬಿಚ್ಚಿದೆ. ಪ್ಯಾಲೆಟ್ಟನ್ನು ಬೆರಳಿನಿಂದ ಮೆಲ್ಲಗೆ ಕೆಳಗೆಳೆದೆ. ತೊಗಲಿಗೆ ಒಂದು ಮರದ ಚಕ್ಕೆ ಅಂಟಿತ್ತು, ಅಕ್ಕಿಕಾಳಿಗಿಂತ ಸಣ್ಣದು. ಹಲಗೆ ಬಿಚ್ಚಲು ಅರ್ಧ ಗಂಟೆ, ಚಕ್ಕೆ ತೆಗೆಯಲು ಅರ್ಧ ನಿಮಿಷ!

ಅಷ್ಟಕ್ಕೇ ಮುಗಿಯಲಿಲ್ಲ. 'ಟ್ರಂಪೆಟ್ ಸ್ಟಾಪ್ ಶ್ರುತಿ ಬಿಟ್ಟಿದೆ, ಅದನ್ನೂ ನೋಡಿಬಿಡಿ' ಅಂದರು ಚರ್ಚಿನವರು. ಬೆಳಗ್ಗೆಯಿಂದ ಹೀಟರ್ ಹಾಕಿಟ್ಟಿದ್ದರು, ಪಾಪ, ನನಗೆ ಚಳಿಯಾಗಬಾರದು ಅಂತ. ಆದರೆ ಗಾಳಿ ಬಿಸಿಯಾದರೆ ಕೊಳಲಿನ ಜಾತಿಯ ಕೊಳವೆಗಳ ಶ್ರುತಿ ಮೇಲೇರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್. ಅರ್ಧ ಸ್ವರಕ್ಕೆ 100 ಸೆಂಟ್. ಟ್ರಂಪೆಟ್‌ನಂಥ ನಾಲಿಗೆ ಕೊಳವೆಗಳಲ್ಲಿ ಕಂಪಿಸುವುದು ಹಿತ್ತಾಳೆ ನಾಲಿಗೆ. ಅವು ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ಕದಲಿದ್ದು ಉಳಿದ ಕೊಳವೆಗಳು, ಬೈಸಿಕೊಂಡಿದ್ದು ಟ್ರಂಪೆಟ್.

ಹೀಟರ್ ಆರಿಸಿ ಮರುದಿನ ಬಂದೆ. ಆಗಲೂ ಮೂರ್ನಾಲ್ಕು ಕೊಳವೆ ಮಾತ್ರ ಸರಿಯಿರಲಿಲ್ಲ. ನಾಲಿಗೆ ಒತ್ತಿ ಹಿಡಿಯುವ ತಂತಿಯನ್ನು ತಟ್ಟಿ ಸರಿ ಮಾಡಿದೆ. ಶ್ರುತಿ ತುಸು ಹೊಂದದ ಎರಡು ಕೊಳವೆ ಒಟ್ಟಿಗೆ ಊದಿದಾಗ ಸ್ವರ ಅಲೆಅಲೆಯಾಗಿ ಕೇಳುತ್ತದೆ. ಅಲೆ ನಿಧಾನವಾಗುತ್ತಾ ನಿಂತರೆ ಶ್ರುತಿ ಸೇರಿತು ಅಂತ ಲೆಕ್ಕ. ಕಲಿಯುವಾಗ ನಾನು ಸಣ್ಣ ಕೊಳವೆಗಳನ್ನು ಕೈಯಲ್ಲಿ ಹಿಡಿದು ತಿದ್ದುತ್ತಿದ್ದೆ. ಅಂಗೈ ಬಿಸಿಗೆ ಸ್ವರ ಏರುತ್ತದೆ, ಅದನ್ನು ಇಳಿಸುತ್ತೇನೆ, ಕೊಳವೆ ತಣ್ಣಗಾದ ಮೇಲೆ ಅಪಶ್ರುತಿ. ಅಲ್ವಾ, ಎಷ್ಟು ದಡ್ಡತನ!

ಉಳಿದ ಕೊಳವೆ ಮುಟ್ಟಲಿಲ್ಲ. ತವರ-ಸೀಸದ ಲೋಹ ಬಲು ಮೆತ್ತಗೆ. ಇಲ್ಲಿ ಕೊಳವೆಯ ಮೇಲ್ತುದಿಯನ್ನು ಶಂಕುವಿನಿಂದ ತಟ್ಟಿಯೇ ಶ್ರುತಿ ಮಾಡಬೇಕು. ಯಾರೋ ಹಿಂದೆ ಜಾಸ್ತಿ ತಟ್ಟಿ ಕೆಲವುಗಳ ಅಂಚು ಸೀಳಿತ್ತು. ಇನ್ನೊಂದಷ್ಟು ಪೆಟ್ಟು ನನ್ನದೂ ಯಾಕೆ?

ಕೆಳಗೆ ಕೀ ಒತ್ತಿ ಹಿಡಿದಿದ್ದ ಹುಡುಗ, 'ಕೈ ತೆಗೀಲಾ?' ಅಂತ ಕೂಗಿದ. ತೆಗಿ ಅಂದೆ. ಸ್ವರ ನಿಂತಿತು.