ಗೆಳೆಯರ ಗುಂಪಿಗೆ ಗ್ರೀಸ್ ಹಡಗು ಪ್ರವಾಸ: ಒಂದು ದ್ವೀಪಕ್ಕೆ ಒಂದೇ ಆಸೆ

ಏಜಿಯನ್ ಸಮುದ್ರದಲ್ಲಿ ಮೂರು-ನಾಲ್ಕು ರಾತ್ರಿಯ ಹಡಗು ಪ್ರವಾಸಕ್ಕೆ ಹೊರಟರೆ ಒಂದೊಂದು ದ್ವೀಪದಲ್ಲಿ ಸಿಗುವುದು ಹೆಚ್ಚೆಂದರೆ ಅರ್ಧ ದಿನ. ಆರು ಮಂದಿಯ ಗುಂಪಿನಲ್ಲಿ ಒಬ್ಬರಿಗೆ ಫೋಟೊ ಬೇಕು, ಒಬ್ಬರಿಗೆ ಈಜು, ಮತ್ತೊಬ್ಬರಿಗೆ ಹಳೇ ಕಲ್ಲು-ಕಂಬ, ಇನ್ನೊಬ್ಬರಿಗೆ ಕಾಫಿ ಹಿಡಿದು ಸುಮ್ಮನೆ ಕೂರಬೇಕು. ಹಡಗಿನಿಂದ ಇಳಿದ ಮೇಲೆ ‘ಈಗ ಎಲ್ಲಿಗೆ?’ ಎಂದು ಪಂಚಾಯ್ತಿ ಶುರುವಾದರೆ ಅರ್ಧ ಗಂಟೆ ಅಲ್ಲೇ ಖರ್ಚು.

ಆದ್ದರಿಂದ ಊರಿನಲ್ಲಿ ಕೂತೇ ಒಂದು ಒಪ್ಪಂದ ಮಾಡಿಕೊಳ್ಳಿ. ಒಂದು ದ್ವೀಪಕ್ಕೆ ಒಬ್ಬೊಬ್ಬರದು ಒಂದೇ ಆಸೆ. ಆಸೆ ಒಂದೇ ಆಗಿರುವವರು ಇಬ್ಬರು-ಮೂವರಾಗಿ ಹೋಗಲಿ, ರಾತ್ರಿ ಊಟದ ಮೇಜಿಗೆ ಎಲ್ಲರೂ ಸೇರಲಿ. ಇಡೀ ಗುಂಪು ಇಡೀ ದಿನ ಒಟ್ಟಿಗಿರಬೇಕೆಂಬ ಹಟದಿಂದಲೇ ಸ್ನೇಹಿತರ ಪ್ರವಾಸಗಳು ಹಳಸುವುದು. ಇದಿಷ್ಟು ಇತ್ಯರ್ಥವಾದರೆ ಉಳಿದದ್ದು ಕಾಗದಪತ್ರದ ಕೆಲಸ.

ಮೊದಲು ತಿಂಗಳು, ಆಮೇಲೆ ಹಡಗು

ಈ ಹಡಗುಗಳ ಸುಗ್ಗಿ ಸುಮಾರಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ. ಜುಲೈ, ಆಗಸ್ಟ್ ಬೇಡ. ಅಥೆನ್ಸ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು, ಸಮುದ್ರದ ಮೇಲೆ ಉತ್ತರದಿಂದ ‘ಮೆಲ್ಟೆಮಿ’ ಎಂಬ ಗಾಳಿ ಬೀಸುತ್ತದೆ. ಅದು ಜೋರಾದರೆ ಸಣ್ಣ ದೋಣಿಗಳು ನಿಲ್ಲುತ್ತವೆ, ದೊಡ್ಡ ಹಡಗೂ ಕೆಲವೊಮ್ಮೆ ಒಂದು ನಿಲ್ದಾಣ ಬಿಟ್ಟು ಮುಂದೆ ಹೋಗುತ್ತದೆ. ನಮ್ಮ ಕಡೆಯವರಿಗೆ ಬೇಸಿಗೆ ರಜೆಯ ಮೇ ತಿಂಗಳು ಅಥವಾ ದಸರಾ ರಜೆ ಎರಡೂ ಸರಿಹೊಂದುತ್ತವೆ. ಈಜುವ ಆಸೆಯಿದ್ದರೆ ದಸರಾ ವಾಸಿ. ಮೇನಲ್ಲಿ ನೀರು ಇನ್ನೂ ತಣ್ಣಗೆ ಕೊರೆಯುತ್ತದೆ, ಅಕ್ಟೋಬರ್‌ನಲ್ಲಿ ಬೇಸಿಗೆಯ ಶಾಖ ಉಳಿದಿರುತ್ತದೆ.

ಮೂರು ರಾತ್ರಿಯ ಸಾಮಾನ್ಯ ಮಾರ್ಗದಲ್ಲಿ ಮೈಕೊನೊಸ್, ಟರ್ಕಿಯ ಕುಶಾದಾಸಿ, ಪಾಟ್ಮೊಸ್, ಕ್ರೀಟ್‌ನ ಹೆರಾಕ್ಲಿಯೊನ್, ಸ್ಯಾಂಟೊರಿನಿ ಬರುತ್ತವೆ. ನಾಲ್ಕು ರಾತ್ರಿಯದಾದರೆ ರೋಡ್ಸ್ ಸೇರಬಹುದು. ದ್ವೀಪಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಎಷ್ಟು ಗಂಟೆಗೆ ತಲುಪಿ ಎಷ್ಟಕ್ಕೆ ಹೊರಡುತ್ತದೆ ಎಂಬ ಕಾಲಂ ಓದಿ. ಹೊರಡುವ ಬಂದರನ್ನೂ ನೋಡಿಕೊಳ್ಳಿ. ಹೆಚ್ಚಿನವು ಅಥೆನ್ಸ್‌ಗೆ ಅಂಟಿಕೊಂಡ ಪಿರಿಯಸ್‌ನಿಂದ ಹೊರಟರೂ, ಕೆಲವು ಸುಮಾರು 60 ಕಿ.ಮೀ. ದೂರದ ಲಾವ್ರಿಯೊದಿಂದ ಹೊರಡುತ್ತವೆ.

ಸಮುದ್ರದಲ್ಲಿ ರಾತ್ರಿ ಕಳೆಯಲು ಹೆದರುವವರಿದ್ದರೆ ಅಥೆನ್ಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಹೈಡ್ರಾ, ಪೊರೊಸ್, ಎಜಿನಾ ದೋಣಿಯಿದೆ. ಹೈಡ್ರಾದಲ್ಲಿ ಕಾರು, ಬೈಕು ಓಡುವಂತಿಲ್ಲ. ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ. ಎಜಿನಾಗೆ ಇಳಿದರೆ ಪಿಸ್ತಾ ಕೊಳ್ಳದೆ ಬರಬೇಡಿ.

ದರ ಕೇಳುವಾಗ ದ್ವೀಪ ತೆರಿಗೆಯೂ ಸೇರಿದೆಯೇ ಎಂದು ಕೇಳಿ. 2025ರ ಜುಲೈನಿಂದ ಗ್ರೀಸ್ ಸರ್ಕಾರ ಹಡಗಿನಿಂದ ಇಳಿಯುವ ಪ್ರತಿ ಪ್ರಯಾಣಿಕನಿಂದ ಶುಲ್ಕ ವಸೂಲಿ ಮಾಡುತ್ತಿದೆ. ಸ್ಯಾಂಟೊರಿನಿ, ಮೈಕೊನೊಸ್‌ಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲಾ 20 ಯೂರೊ; ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ 12. ಉಳಿದ ಬಂದರುಗಳಲ್ಲಿ ಬೇಸಿಗೆಗೂ 5 ಯೂರೊ ಅಷ್ಟೆ.

ವೀಸಾ: ಕುಶಾದಾಸಿ ಎಂಬ ಕೊಕ್ಕೆ

ಗ್ರೀಸ್‌ಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ, ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ, ಜೊತೆಗೆ ಅರ್ಜಿ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಒಟ್ಟಿಗೆ ಹೋಗುವವರಾದರೂ ಪ್ರತಿಯೊಬ್ಬರದೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಬ್ಯಾಂಕ್ ಸ್ಟೇಟ್‌ಮೆಂಟ್. ಎಲ್ಲರ ಅರ್ಜಿಯಲ್ಲೂ ಪ್ರವಾಸದ ದಿನಚರಿ ಒಂದೇ ಆಗಿರಲಿ, ಹಡಗು ಕಂಪನಿಯ ದೃಢೀಕರಣ ಪತ್ರದಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಬಿಡಿಸಿ ಬರೆದವರು, ಬರೆಯದವರು ಎಂಬ ನಮ್ಮೂರ ತಾಪತ್ರಯ ಗೊತ್ತಲ್ಲ.

ಎಡವುವುದು ಇಲ್ಲಿ: ಕುಶಾದಾಸಿ ಟರ್ಕಿಯಲ್ಲಿದೆ, ಟರ್ಕಿ ಷೆಂಗೆನ್ ವಲಯದಲ್ಲಿಲ್ಲ. ಹಡಗು ಅಲ್ಲಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬಂದರೆ ನೀವು ಎರಡನೇ ಸಲ ಪ್ರವೇಶಿಸಿದಂತೆ. ಆದ್ದರಿಂದ ಅರ್ಜಿಯಲ್ಲೇ ಹಲವು ಪ್ರವೇಶದ ವೀಸಾ ಕೇಳಿ. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇರುವ ಭಾರತೀಯರು ಟರ್ಕಿಗೆ ಇ-ವೀಸಾ ಪಡೆಯಬಹುದು. ಹಡಗು ಕಂಪನಿಗೆ ಯಾವ ಯಾವ ವೀಸಾ ಬೇಕು ಎಂದು ಇ-ಮೇಲ್‌ನಲ್ಲೇ ಕೇಳಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ಏಜೆಂಟರ ‘ಏನೂ ಆಗಲ್ಲ ಸಾರ್’ ಬಂದರಿನಲ್ಲಿ ಚಲಾವಣೆಯಾಗುವುದಿಲ್ಲ.

ಕ್ಯಾಬಿನ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೋಣೆಯಲ್ಲಿರುವುದು ನಿದ್ದೆಗೆ ಮಾತ್ರ, ಕಿಟಕಿಯಿಲ್ಲದ ಅಗ್ಗದ್ದು ಸಾಕು. ವಾಂತಿ ಬರುವವರಿಗೆ ಕೆಳ ಅಂತಸ್ತಿನ ನಟ್ಟನಡುವಿನ ಕೋಣೆ ಕೊಡಿಸಿ, ಅಲ್ಲಿ ಓಲಾಟ ಕಡಿಮೆ. ಯಾರು ಯಾರ ಜೊತೆ ಎಂದು ಹಂಚುವಾಗ ಗೊರಕೆಯ ಸಂಗತಿಯನ್ನು ಮುಲಾಜಿಲ್ಲದೆ ಮಾತಾಡಿಕೊಳ್ಳಿ.

ಅಥೆನ್ಸ್ ಮೊದಲು

ಹಡಗು ಹತ್ತುವ ದಿನವೇ ಅಥೆನ್ಸ್‌ಗೆ ಇಳಿಯುವ ಲೆಕ್ಕಾಚಾರ ಬೇಡ. ಕೊಲ್ಲಿ ದೇಶದಲ್ಲಿ ವಿಮಾನ ಬದಲಿಸುವಾಗ ಒಂದು ತಪ್ಪಿದರೂ ಹಡಗು ಕಾಯುವುದಿಲ್ಲ. ಎರಡು ದಿನ ಮೊದಲೇ ಹೋಗಿ ಊರು ನೋಡಿ. ಮೊನಾಸ್ಟಿರಾಕಿ ಅಥವಾ ಸಿಂಟಾಗ್ಮಾ ಚೌಕದ ಸುತ್ತ ಉಳಿದುಕೊಂಡರೆ ಎಲ್ಲವೂ ನಡಿಗೆಯ ದೂರ. ಮೆಟ್ರೊ 3ನೇ ಮಾರ್ಗ, ಅಂದರೆ ನೀಲಿ ಮಾರ್ಗ, ವಿಮಾನ ನಿಲ್ದಾಣದಿಂದ ಈ ಎರಡೂ ನಿಲ್ದಾಣ ಹಾದು ಪಿರಿಯಸ್ ಬಂದರಿನವರೆಗೂ ನೇರ ಹೋಗುತ್ತದೆ. ಜನದಟ್ಟಣೆಯ ಬೋಗಿಯಲ್ಲಿ ಜೇಬುಗಳ್ಳರಿದ್ದಾರೆ, ಪರ್ಸು ಮುಂದಿರಲಿ.

ಹಳೇ ಗುಡಿಗಳ ಗುಡ್ಡ ಅಕ್ರೊಪೊಲಿಸ್‌ಗೆ ಈಗ ಹೊತ್ತು ನಿಗದಿಯಾದ ಟಿಕೆಟ್. 2023ರ ಸೆಪ್ಟೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ. 2025ರಿಂದ ಟಿಕೆಟ್ 30 ಯೂರೊ. ಆರೂ ಜನರಿಗೆ ಒಂದೇ ಹೊತ್ತಿನ ಟಿಕೆಟ್ ಬೇಕಾದರೆ ಆನ್‌ಲೈನ್‌ನಲ್ಲಿ ಮೊದಲೇ ಕೊಳ್ಳಿ. ಬೆಳಗಿನ ಎಂಟರ ಸರದಿಯೇ ಸರಿ. ಕಡು ಬೇಸಿಗೆಯಲ್ಲಿ ಝಳ ಏರಿದ ದಿನ ಮಧ್ಯಾಹ್ನ ಗುಡ್ಡವನ್ನೇ ಮುಚ್ಚಿಬಿಡುತ್ತಾರೆ. ಮುಖ್ಯ ದ್ವಾರದ ಸಾಲು ಉದ್ದವಿದ್ದರೆ ಡಯೊನೈಸಸ್ ರಂಗಮಂದಿರದ ಬಳಿಯ ಆಗ್ನೇಯ ದ್ವಾರದಿಂದ ಹತ್ತಿ. ಲಕ್ಷಾಂತರ ಕಾಲುಗಳು ಉಜ್ಜಿದ ಅಮೃತಶಿಲೆ ಕನ್ನಡಿಯಂತೆ ಜಾರುತ್ತದೆ, ಹಿಡಿತವಿರುವ ಶೂ ಹಾಕಿಕೊಳ್ಳಿ.

ಮೇಲೆ ಹೋದವರು ಸೆಲ್ಫಿ ತೆಗೆದು ಇಳಿದುಬಿಡುತ್ತಾರೆ. ಹತ್ತು ನಿಮಿಷ ನಿಂತು ಎರಡು ಸಂಗತಿ ನೋಡಿ. ಪಾರ್ಥೆನಾನ್ ಗುಡಿ ಕಟ್ಟಿದ್ದು ಕ್ರಿ.ಪೂ. 447ರಿಂದ 432ರ ನಡುವೆ. ಅದರ ಉದ್ದ ಬದಿಯ ಮೂಲೆಯಲ್ಲಿ ನಿಂತು, ಮೆಟ್ಟಿಲಿನ ಅಂಚಿನ ಮಟ್ಟಕ್ಕೆ ಕಣ್ಣು ತಗ್ಗಿಸಿ ಇನ್ನೊಂದು ತುದಿಯವರೆಗೆ ನೋಡಿ. ನೇರ ಗೆರೆ ಎಂದುಕೊಂಡದ್ದು ನಡುವೆ ಮೆಲ್ಲಗೆ ಉಬ್ಬಿರುತ್ತದೆ. ಸುಮಾರು 70 ಮೀಟರ್ ಉದ್ದಕ್ಕೆ 11 ಸೆಂ.ಮೀ.ನಷ್ಟು ಉಬ್ಬು, ಬೇಕೆಂದೇ ಮಾಡಿದ್ದು. ಕಂಬಗಳೂ ಒಳಕ್ಕೆ ಒಂದಿಷ್ಟು ವಾಲಿವೆ. ಇನ್ನೊಂದು, ಕಂಬಗಳ ಬಣ್ಣ. ಹಳೆಯ ಕಲ್ಲು ಜೇನು ಬಣ್ಣಕ್ಕೆ ತಿರುಗಿದೆ, ನಡುನಡುವೆ ಅಚ್ಚ ಬಿಳಿಯ ತೇಪೆಗಳಿವೆ. ಅವು ದುರಸ್ತಿಯವರು ಕೂರಿಸಿದ ಹೊಸ ಕಲ್ಲು, ಅದೇ ಪೆಂಟೆಲಿ ಬೆಟ್ಟದ್ದು. ಎರಡು ಸಾವಿರ ವರ್ಷ ಹೆಚ್ಚೂಕಡಿಮೆ ಗಟ್ಟಿಯಾಗಿದ್ದ ಕಟ್ಟಡವನ್ನು ಒಡೆದದ್ದು 1687ರ ಒಂದು ಸಂಜೆ: ಒಟ್ಟೊಮನ್ ತುರ್ಕರು ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು, ವೆನಿಸ್‌ನವರ ಗುಂಡು ಬಿತ್ತು.

ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಂಗೆ ಬೇರೆ ಟಿಕೆಟ್. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅದರ ತಂಪಿಗೆ ನುಗ್ಗಿ. ಗುಡ್ಡದ ಇನ್ನೊಂದು ಗುಡಿ ಎರೆಕ್ಥಿಯಾನ್‌ಗೆ ಕಂಬಗಳಾಗಿ ನಿಂತಿದ್ದ ಆರು ಕಲ್ಲಿನ ಕನ್ಯೆಯರಲ್ಲಿ ಐವರು ಇಲ್ಲಿದ್ದಾರೆ, ಒಬ್ಬಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದಾಳೆ. ಅವಳ ಜಾಗ ಖಾಲಿ ಬಿಟ್ಟಿದ್ದಾರೆ.

ಸಂಜೆ ಅಕ್ರೊಪೊಲಿಸ್ ಬುಡದ ಅನಾಫಿಯೊಟಿಕಾ ಓಣಿಗಳಿಗೆ ಹೋಗಿ. ಹತ್ತೊಂಬತ್ತನೇ ಶತಮಾನದಲ್ಲಿ ಅನಾಫಿ ದ್ವೀಪದಿಂದ ಬಂದ ಗಾರೆ ಕೆಲಸಗಾರರು ತಮ್ಮೂರಿನ ಹಾಗೇ ಕಟ್ಟಿಕೊಂಡ ಪುಟ್ಟ ಬಿಳಿ ಮನೆಗಳು ಅವು. ಜನ ವಾಸವಿರುವ ಮನೆಗಳು, ಗದ್ದಲ ಬೇಡ. ಸಿಂಟಾಗ್ಮಾದಲ್ಲಿ ಸಂಸತ್ತಿನ ಮುಂದೆ ಗಂಟೆಗೊಮ್ಮೆ ಕಾವಲಿನ ಸೈನಿಕರು ಬದಲಾಗುತ್ತಾರೆ, ಭಾನುವಾರ ಬೆಳಿಗ್ಗೆ 11ಕ್ಕೆ ದೊಡ್ಡ ಮೆರವಣಿಗೆ.

ಹಡಗಿನೊಳಗಿನ ಶಿಸ್ತು

ಹತ್ತಿದ ಕೂಡಲೇ ಸುರಕ್ಷತಾ ಕವಾಯತು ಇರುತ್ತದೆ, ತಪ್ಪಿಸುವಂತಿಲ್ಲ. ಪಾಸ್‌ಪೋರ್ಟ್ ಹಡಗಿನ ಕಚೇರಿಯಲ್ಲಿ ಇಟ್ಟುಕೊಂಡರೆ ಗಾಬರಿ ಬೇಡ. ಅದರ ನಕಲು, ಕೋಣೆಯ ಕಾರ್ಡು ನಿಮ್ಮ ಬಳಿ ಇರಲಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಬೆವರಬೇಕಾಗುತ್ತದೆ. ಗುಂಪಿನವರೆಲ್ಲ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿಕೊಳ್ಳಿ, ಹಡಗು ಹೇಳಿದ ವಾಪಸಾತಿ ಸಮಯಕ್ಕಿಂತ ಮುಕ್ಕಾಲು ಗಂಟೆ ಮೊದಲಿನದನ್ನು ‘ನಮ್ಮ ಸಮಯ’ ಎಂದು ಮಾಡಿಕೊಳ್ಳಿ. ಖರ್ಚಿಗೆ ಒಬ್ಬರನ್ನೇ ಖಜಾಂಚಿ ಮಾಡಿ, ದಿನದ ಲೆಕ್ಕ ಆ ದಿನವೇ ಮುಗಿಸಿ.

ದ್ವೀಪಗಳಲ್ಲಿ ಏನು ಹಿಡಿಯಬೇಕು, ಏನು ಬಿಡಬೇಕು

ಮೈಕೊನೊಸ್: ಗಾಳಿಗಿರಣಿ, ಪಾರಾಪೊರ್ಟಿಯಾನಿ ಚರ್ಚು, ಲಿಟಲ್ ವೆನಿಸ್ ಮೂರನ್ನೂ ಒಂದೂವರೆ ಗಂಟೆಯಲ್ಲಿ ನಡೆದು ನೋಡಬಹುದು. ಇತಿಹಾಸದ ಹುಚ್ಚಿನವರು ಬೆಳಿಗ್ಗೆ ಬಂದಿದ್ದರೆ ಮಾತ್ರ ಅರ್ಧ ಗಂಟೆ ದೂರದ ಡೆಲೊಸ್ ದ್ವೀಪಕ್ಕೆ ದೋಣಿ ಹಿಡಿಯಲಿ. ಗ್ರೀಕರ ದೇವರು ಅಪೊಲೊ ಹುಟ್ಟಿದ ಜಾಗವೆಂದು ಅಲ್ಲಿ ಒಂದು ಕಾಲಕ್ಕೆ ಹುಟ್ಟು-ಸಾವು ಎರಡನ್ನೂ ನಿಷೇಧಿಸಿದ್ದರು. ಈಗಲೂ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ.

ಕುಶಾದಾಸಿಯಲ್ಲಿ ಎಫೆಸಸ್ ಎಂಬ ಪುರಾತನ ಪಟ್ಟಣದ ಅವಶೇಷ, ಹೆರಾಕ್ಲಿಯೊನ್‌ನಲ್ಲಿ ಕ್ನೊಸೊಸ್ ಅರಮನೆ, ಪಾಟ್ಮೊಸ್‌ನಲ್ಲಿ ಸಂತ ಜಾನ್‌ನ ಗುಹೆ ಮತ್ತು ಮಠ, ರೋಡ್ಸ್‌ನಲ್ಲಿ ಕೋಟೆಯೊಳಗಿನ ಹಳೇ ಪಟ್ಟಣ. ಎಫೆಸಸ್‌ಗೆ ಮಾತ್ರ ಹಡಗಿನವರ ಪ್ರವಾಸವನ್ನೇ ಕೊಳ್ಳುವುದು ಜಾಣತನ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಇಲ್ಲ. ಉಳಿದ ಕಡೆ ಕೆಲವರು ಸೇರಿ ಟ್ಯಾಕ್ಸಿ ಮಾಡಿದರೆ ಅಗ್ಗ.

ಸ್ಯಾಂಟೊರಿನಿಗೆ ನಿಜವಾದ ತಯಾರಿ ಬೇಕು. ಜ್ವಾಲಾಮುಖಿ ಕುಸಿದು ಆದ ಕೊಲ್ಲಿ ಅದು. ಹಡಗು ನಡುನೀರಿನಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗಳು ನಿಮ್ಮನ್ನು ಫಿರಾ ಊರಿನ ಬುಡಕ್ಕೆ ಬಿಡುತ್ತವೆ. ತಲೆಯೆತ್ತಿದರೆ ಇನ್ನೂರು ಮೀಟರಿಗೂ ಎತ್ತರದ ಕಡಿದಾದ ಬಂಡೆ, ಕೆಂಪು-ಕಪ್ಪು-ಬೂದು ಪದರ ಪದರವಾಗಿ. ಅದರ ನೆತ್ತಿಯಲ್ಲಿ ಬಿಳಿ ಮನೆಗಳು. ಏರಲು ಮೂರು ದಾರಿ: ಕೇಬಲ್ ಕಾರು, ಸುಮಾರು ಆರುನೂರು ಮೆಟ್ಟಿಲು, ಇಲ್ಲವೇ ಕತ್ತೆ. ಕತ್ತೆ ಬೇಡ. 100 ಕಿಲೊ ಅಥವಾ ಪ್ರಾಣಿಯ ತೂಕದ ಐದನೇ ಒಂದಂಶಕ್ಕಿಂತ ಹೆಚ್ಚು ಹೊರಿಸಬಾರದೆಂಬ ನಿಯಮವೇನೋ 2018ರಲ್ಲಿ ಬಂದಿದೆ, ಆದರೂ ಆ ಬಿಸಿಲಿನಲ್ಲಿ ಅವುಗಳ ಪಾಡು ನೋಡಲಾಗದು. ಮೆಟ್ಟಿಲ ಮೇಲೆಲ್ಲ ಲದ್ದಿ, ಹತ್ತುವಾಗ ಎದುರಿಗೆ ಇಳಿಯುವ ಕತ್ತೆಗಳ ಸಾಲು. ಕೇಬಲ್ ಕಾರಿನಲ್ಲಿ ಮೂರು ನಿಮಿಷದ ದಾರಿ. ಆದರೆ ಅದರ ಸಾಲು ಒಂದು ಗಂಟೆಯದೂ ಆಗಬಹುದು, ಏಕೆಂದರೆ ಅದೇ ಸಂಜೆ ಬೇರೆ ಹಡಗುಗಳೂ ಬಂದಿರುತ್ತವೆ. ದ್ವೀಪಕ್ಕೆ ದಿನಕ್ಕೆ 8,000 ಹಡಗು ಪ್ರಯಾಣಿಕರ ಮಿತಿ ಹಾಕಿದ ಮೇಲೂ ಇದೇ ಕಥೆ. ಮಂಡಿ ಗಟ್ಟಿ ಇರುವವರು ಏರುವುದಕ್ಕೆ ಕೇಬಲ್ ಕಾರು, ಇಳಿಯುವುದಕ್ಕೆ ಮೆಟ್ಟಿಲು ಎಂದು ಇಟ್ಟುಕೊಂಡರೆ ರಾತ್ರಿಯ ಸಾಲು ತಪ್ಪುತ್ತದೆ.

ಸೂರ್ಯಾಸ್ತಕ್ಕೆ ಎಲ್ಲರೂ ಓಡುವುದು ಓಯಾ ಊರಿಗೆ. ಹಡಗಿನವರು ಆ ಆಸೆ ಬಿಡಿ. ಸೂರ್ಯ ಮುಳುಗಿದ ಮರುಕ್ಷಣ ಸಾವಿರಾರು ಜನ ಒಂದೇ ಕಿರಿದಾದ ರಸ್ತೆಗೆ ನುಗ್ಗುತ್ತಾರೆ, ಫಿರಾಗೆ ವಾಪಸು ಬರಲು ಬಸ್ಸು ಸಿಗುವುದು ಕಷ್ಟ, ಕೆಳಗೆ ಕೊನೆಯ ದೋಣಿ ಕಾಯುತ್ತಿರುತ್ತದೆ. ಫಿರಾದಿಂದ ಇಪ್ಪತ್ತು ನಿಮಿಷ ನಡೆದರೆ ಫಿರೊಸ್ಟೆಫಾನಿ. ಅದೇ ಕೊಲ್ಲಿ, ಅದೇ ಸೂರ್ಯ, ಕೂರಲು ಜಾಗವೂ ಉಂಟು.

ಹೊಟ್ಟೆಪಾಡು

ಸಸ್ಯಾಹಾರಿಗಳು ಅವಲಕ್ಕಿ-ಚಟ್ನಿಪುಡಿ ಹೊತ್ತು ಹೋಗಬೇಕಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಹಲವು ಉಪವಾಸದ ಕಾಲಗಳಿವೆ, ಆಗ ಮಾಂಸ, ಹಾಲು, ಮೊಟ್ಟೆ ನಿಷಿದ್ಧ. ‘ನಿಸ್ತಿಸಿಮೊ’ ಎಂದು ಕೇಳಿದರೆ ಆ ಬಗೆಯ ಅಡುಗೆ ತೋರಿಸುತ್ತಾರೆ. ಆದರೆ ಏಡಿ-ಸಿಗಡಿ ಅದರಲ್ಲಿ ಸೇರಬಹುದು, ಬೇಡವೆಂದು ಬಿಡಿಸಿ ಹೇಳಿ. ಟೊಮೆಟೊ ಸಾರಿನಲ್ಲಿ ಬೆಂದ ದೊಡ್ಡ ಬಿಳಿ ಅವರೆಯಂಥ ಕಾಳು ‘ಗಿಗಾಂಟೆಸ್’, ಪಾಲಕ್ ತುಂಬಿದ ‘ಸ್ಪನಾಕೊಪಿಟಾ’, ಸ್ಯಾಂಟೊರಿನಿಯ ಹಳದಿ ಬೇಳೆ ‘ಫಾವಾ’ ಮೂರೂ ನಮ್ಮ ನಾಲಿಗೆಗೆ ಒಗ್ಗುತ್ತವೆ. ಅಥೆನ್ಸ್‌ನಲ್ಲಿ ನಲ್ಲಿ ನೀರು ಕುಡಿಯಬಹುದು, ದ್ವೀಪಗಳಲ್ಲಿ ಬಾಟಲಿ ನೀರೇ ಕ್ಷೇಮ.

ಕೊನೆಯ ಬೆಳಿಗ್ಗೆ

ಹಿಂದಿನ ರಾತ್ರಿಯೇ ಸೂಟ್‌ಕೇಸಿಗೆ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ಬೆಳಿಗ್ಗೆ ಉಡುವ ಬಟ್ಟೆ, ಚಪ್ಪಲಿ, ಮಾತ್ರೆ ಕೈಚೀಲಕ್ಕೆ ಹಾಕಿದ ಮೇಲೆ ಇಡಿ. ಹಡಗು ನಸುಕಿಗೇ ಬಂದರು ಸೇರುತ್ತದೆ. ವಿಮಾನ ರಾತ್ರಿಯಾದರೆ ಪೆಟ್ಟಿಗೆಗಳನ್ನು ಮೊನಾಸ್ಟಿರಾಕಿ ಸುತ್ತಲಿನ ಲಗೇಜ್ ಅಂಗಡಿಯಲ್ಲಿ ಇಟ್ಟು ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ಹೋಗಿ. ಸ್ಯಾಂಟೊರಿನಿಯ ಬೂದಿಯಡಿ ಹೂತಿದ್ದ ಅಕ್ರೊಟಿರಿ ಊರಿನ ಗೋಡೆಚಿತ್ರಗಳು ಅಲ್ಲಿವೆ; ದ್ವೀಪದಲ್ಲಿ ಅಕ್ರೊಟಿರಿಗೆ ಹೋಗಲು ಹೊತ್ತು ಸಾಲದವರಿಗೆ ಇದು ಬಡ್ಡಿ ಸಮೇತ ವಸೂಲಿ. ಅಲ್ಲಿಂದ ಮೊನಾಸ್ಟಿರಾಕಿಗೆ ಬಂದು ಪೆಟ್ಟಿಗೆ ಬಿಡಿಸಿಕೊಂಡು ನೀಲಿ ಮಾರ್ಗದ ರೈಲು ಹಿಡಿಯಿರಿ. ನೀಲಿ ರೈಲುಗಳೆಲ್ಲ ವಿಮಾನ ನಿಲ್ದಾಣದವರೆಗೆ ಹೋಗುವುದಿಲ್ಲ, ಹೋಗುವುದು ಸುಮಾರು ಅರ್ಧ ಗಂಟೆಗೊಂದು. ಫಲಕದಲ್ಲಿ ಏರ್‌ಪೋರ್ಟ್ ಎಂದು ಕಂಡರೆ ಮಾತ್ರ ಹತ್ತಿ. ಈ ಪ್ರಯಾಣಕ್ಕೆ ಟಿಕೆಟ್ಟೂ ಬೇರೆ, 9 ಯೂರೊ.